ಮುಟ್ಟಬಹುದಾದ ಚರ್ಮ, ಮುಟ್ಟಲಾರದ ಕೈ

ಕಚೇರಿ ಶುರುವಾಗೋ ಮುಂಚೆ ಮೃದಂಗ ನುಡಿಸುವವರು ವಾದ್ಯವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಆಯುಧಪೂಜೆಯ ದಿನ ಅದಕ್ಕೆ ಹೂವು, ಕುಂಕುಮ. ತಪ್ಪೇನಿಲ್ಲ. ಅನ್ನ ಕೊಡೋ ವಸ್ತುವನ್ನು ಗೌರವಿಸಬೇಕಾದದ್ದೇ. ಆದರೆ ಆ ದೇವರ ಮುಖಕ್ಕೆ ಬಿಗಿದಿರೋದು ದನದ ಚರ್ಮ. ಅದನ್ನು ಸುಲಿದವನು, ಹದ ಮಾಡಿದವನು, ಕೊಯ್ದು ಬಿಗಿದವನು ಯಾರು? ಅವನು ಆ ದೇವರಮನೆಯ ಹೊಸ್ತಿಲು ದಾಟಬಹುದೆ?

ಚರ್ಮವಾದ್ಯ ಹುಟ್ಟಿದ್ದನ್ನು ಭರತನ ನಾಟ್ಯಶಾಸ್ತ್ರ ಕಥೆ ಮಾಡಿ ಹೇಳುತ್ತದೆ. ಸ್ವಾತಿ ಎಂಬ ಮುನಿ ನೀರಿಗೆಂದು ಕೊಳಕ್ಕೆ ಹೋಗುತ್ತಾನೆ. ಮಳೆ ಬರುತ್ತದೆ. ಸಣ್ಣ ದೊಡ್ಡ ತಾವರೆ ಎಲೆಗಳ ಮೇಲೆ ಹನಿ ಬಿದ್ದು ಒಂದೊಂದು ಒಂದೊಂದು ಸದ್ದು ಮಾಡುತ್ತವೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು, ವಿಶ್ವಕರ್ಮನ ನೆರವಿನಿಂದ ಮುನಿ ವಾದ್ಯ ಕಟ್ಟುತ್ತಾನೆ. ಕಥೆ ಚೆಂದವಾಗಿದೆ, ಮಳೆಯ ಸದ್ದು ಕೇಳೋ ಕಿವಿ ಇದ್ದವನು ಕಟ್ಟಿದ್ದು. ಆದರೆ ತಾವರೆ ಎಲೆ ಚರ್ಮವಾದದ್ದು ಹೇಗೆ ಸ್ವಾಮಿ? ನಡುವೆ ಒಬ್ಬ ಮನುಷ್ಯ ಇರಲೇಬೇಕಲ್ಲ? ಅವನು ಕಥೆಯೊಳಗೆ ಇಲ್ಲ. ಕೇಳಿದವನು ಮುನಿ, ಕಟ್ಟಿದವನು ದೇವಶಿಲ್ಪಿ. ನಾರುವ ಕೆಲಸ ಮಾಡಿದವನು ಪುರಾಣದಿಂದಲೂ ಹೊರಗೆ.

ಆ ಕೆಲಸ ಏನೆಂದು ನೋಡೋಣ. ಮೃದಂಗದ ಮರ ಹಲಸು. ಚರ್ಮ ಮಾತ್ರ ಒಂದು ಪ್ರಾಣಿಯದಲ್ಲ: ಹಸು, ಆಡು, ಎಮ್ಮೆ ಮೂರೂ ಬೇಕು. ಎಳೆದು ಕಟ್ಟುವ ಬಾರು ಎಮ್ಮೆಯದು. ಯಾವ ಚರ್ಮ ಎಷ್ಟು ದಪ್ಪ, ಯಾವುದು ಎಲ್ಲಿಗೆ ಆದೀತು ಅನ್ನೋದನ್ನು ಕೈಯೇ ಸವರಿ ಹೇಳಬೇಕು. ಬಲಮುಖದ ನಡುವೆ ಕಾಣುವ ಕಪ್ಪು ಬೊಟ್ಟಿಗೆ ಕರಣೆ ಅಂತಾರೆ. ಒಂದು ಬಗೆಯ ಕಲ್ಲನ್ನು ಪುಡಿಮಾಡಿ, ಅನ್ನದ ಜೊತೆ ನಾದಿ, ಪದರದ ಮೇಲೆ ಪದರ ಇಡುತ್ತಾರೆ. ಒಂದೊಂದು ಪದರವನ್ನೂ ಕಲ್ಲಿನಿಂದ ಉಜ್ಜಬೇಕು, ತಟ್ಟಿ ಕೇಳಬೇಕು. ಹೆಚ್ಚಾದರೆ ಸದ್ದು ಮಂಕು, ಕಮ್ಮಿಯಾದರೆ ಬೋಳು.

1920ರಲ್ಲಿ ಸಿ.ವಿ. ರಾಮನ್ ತಮ್ಮ ಸಹೋದ್ಯೋಗಿಯ ಜೊತೆ 'ನೇಚರ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಸಾಮಾನ್ಯ ಚರ್ಮವಾದ್ಯ ಬಡಿದರೆ ಅದರ ಕಂಪನಗಳು ಒಂದಕ್ಕೊಂದು ಹೊಂದೋದಿಲ್ಲ, ಶ್ರುತಿ ನಿಲ್ಲೋದಿಲ್ಲ. ಕರಣೆಯ ಭಾರ ಬಿದ್ದ ಮೃದಂಗದಲ್ಲಿ ಅವು ಒಂದು, ಎರಡು, ಮೂರು ಎಂಬ ಲೆಕ್ಕಕ್ಕೆ ಬಂದು ತಂತಿಯ ಹಾಗೆ ನುಡಿಯುತ್ತವೆ. ವಿಜ್ಞಾನಿ ಅಳೆದು ತೋರಿಸಿದ್ದನ್ನು, ಅಳತೆಗೋಲಿಲ್ಲದ ಕೈಗಳು ಅದಕ್ಕೂ ಬಹಳ ಮೊದಲೇ ಕಿವಿಯಿಂದ ಕಂಡುಕೊಂಡಿದ್ದವು.

ರಾಗವನ್ನು ಆ ಕ್ಷಣಕ್ಕೆ ಹೊಸದಾಗಿ ಬೆಳೆಸೋ ಶಕ್ತಿಗೆ ಸಂಗೀತಗಾರರು ಮನೋಧರ್ಮ ಅಂತಾರೆ. ಹಾಗಾದರೆ ಪ್ರತಿ ಚರ್ಮವೂ ಬೇರೆ, ಪ್ರತಿ ಮರವೂ ಬೇರೆ ಆಗಿರುವಾಗ, ಒಂದೇ ಶ್ರುತಿಯನ್ನು ಅವುಗಳಿಂದ ಹೊರಡಿಸುವವನಲ್ಲಿರೋದು ಏನು? ಅದಕ್ಕೆ ಮಾತ್ರ 'ಕಸುಬು' ಎಂಬ ಹೆಸರು ಯಾಕೆ?

ಪಾಲ್ಘಾಟ್ ಮಣಿ ಅಯ್ಯರ್ ಹೆಸರು ಸಂಗೀತ ಬಲ್ಲವರಿಗೆಲ್ಲ ಗೊತ್ತು. 1971ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅವರಿಗೆ ಮೃದಂಗ ಮಾಡಿಕೊಟ್ಟ ತಂಜಾವೂರಿನ ಪರ್ಲಾಂದು ಎಷ್ಟು ಜನಕ್ಕೆ ಗೊತ್ತು? ಅಂಥ ದಲಿತ ಕ್ರೈಸ್ತ ಮನೆತನಗಳ ಕಥೆ ಪುಸ್ತಕವಾಗಿ ಬಂದದ್ದು 2020ರಲ್ಲಿ, ಗಾಯಕ ಟಿ.ಎಂ. ಕೃಷ್ಣ ಬರೆದ 'ಸೆಬಾಸ್ಟಿಯನ್ ಅಂಡ್ ಸನ್ಸ್'. ಬಿಡುಗಡೆಗೆ ಸಭಾಂಗಣ ಕೊಡಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಅನುಮತಿ ಹಿಂತೆಗೆದುಕೊಂಡಿತು. ಕಾರ್ಯಕ್ರಮ ಬೇರೆ ಕಡೆ ನಡೆಯಿತು. ಮೃದಂಗಕ್ಕೆ ತೆರೆದ ಬಾಗಿಲು ಮೃದಂಗದ ಸತ್ಯಕ್ಕೆ ತೆರೆಯಲಿಲ್ಲ.

ಸೌಂದರ್ಯಶಾಸ್ತ್ರ ಬಲ್ಲವರು ಇಲ್ಲೊಂದು ತಕರಾರು ತೆಗೆಯುತ್ತಾರೆ: "ರಸ ಸವಿಯುವಾಗ ಜಾತಿಗೀತಿ ಯಾಕೆ? ಅಭಿನವಗುಪ್ತ ಹೇಳುವ ಸಾಧಾರಣೀಕರಣ ಎಂದರೆ ನಾನು, ನನ್ನದು ಎಲ್ಲ ಮರೆಯೋದು." ಒಪ್ಪೋಣ. ಒಳ್ಳೆಯ ಸಂಗೀತದ ಮುಂದೆ ಕೂತವನು ತನ್ನನ್ನು ಮರೆಯುತ್ತಾನೆ, ನಾವೂ ಮರೆತಿದ್ದೇವೆ. ಆದರೆ ನಡೆದದ್ದೇನು? ಕಚೇರಿ ಮುಗಿದು ಮನೆಗೆ ಹೋದಾಗ ಜಾತಿ ಜೊತೆಗೇ ಹೋಗುತ್ತದೆ. ಮರೆತದ್ದು ತನ್ನನ್ನಲ್ಲ, ಚರ್ಮದ ಹಿಂದಿರುವ ಇನ್ನೊಬ್ಬನನ್ನು. ತನ್ನ ಅಹಂಕಾರ ಮರೆಯೋದು ರಸ ಇರಬಹುದು. ಇನ್ನೊಬ್ಬನ ಇರವನ್ನೇ ಮರೆಯೋದಕ್ಕೆ ಆ ಹೆಸರು ಕೊಡಬೇಡಿ.

ನಮ್ಮ ಕಡೆಯಿಂದಲೂ ಒಂದು ಕಷ್ಟದ ಪ್ರಶ್ನೆ ಇದೆ. ಚರ್ಮದ ಕೈಚಳಕವನ್ನು ಹಾಡಿ ಹೊಗಳಿದರೆ, ನಮ್ಮ ಮಕ್ಕಳನ್ನು ಮತ್ತೆ ಅದೇ ಚರ್ಮಕ್ಕೆ ಕಟ್ಟಿಹಾಕಿದಂತೆ ಆಗೋದಿಲ್ಲವೆ? ಹಟ್ಟಿಯಲ್ಲಿ ತಮಟೆ ಬಿಸುಟವರೂ ಇದ್ದಾರೆ, ಅದೇ ತಮಟೆಯನ್ನು ಹೋರಾಟದ ಮುಂದೆ ಬಡಿದವರೂ ಇದ್ದಾರೆ. ಇಬ್ಬರನ್ನೂ ನಾನು ತಪ್ಪೆನ್ನಲಾರೆ. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಹಂಚಿಟ್ಟಿದೆ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿದರು. ಹಾಗಾಗಿ ಸನ್ಮಾನದ ಶಾಲು ಇಲ್ಲಿ ಉತ್ತರವಾಗಲಾರದು. ಮಾಡುವವನ ಮಗಳು ಬೇಕೆಂದರೆ ವೇದಿಕೆಯ ಮೇಲೆ ಕೂತು ನುಡಿಸಬೇಕು, ಬೇಡವೆಂದರೆ ಕಸುಬು ಬಿಟ್ಟು ಡಾಕ್ಟರಾಗಬೇಕು. ನುಡಿಸುವವನ ಮಗನೂ ಒಂದು ದಿನ ಹಸಿ ಚರ್ಮದ ಮುಂದೆ ಕೂತು ಅದರ ವಾಸನೆ ಕುಡಿಯಬೇಕು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಮಕ್ಕಳಿಗೆ ಸಂಗೀತದ ಪಾಠ ಹೇಳುವಾಗ ಸಪ್ತಸ್ವರದ ಜೊತೆ ಈ ಒಂದು ಪ್ರಶ್ನೆಯನ್ನೂ ಕೇಳಿ: ಇದನ್ನು ಮಾಡಿದವರು ಯಾರು? ಹಿಂದಿನ ಬೆಂಚಿನ ಒಂದು ಮಗು ತಲೆ ಎತ್ತೀತು.