ಕೊಡುವವನಿಗೂ ಕೊರತೆಯಿದೆ



“ಫಾದರ್, ನನ್ನ ಮನೆಯ ಕಷ್ಟವೇ ನನಗೆ ಸಾಕಾಗಿದೆ. ನಾನು ಸಂಘಕ್ಕೆ ಬಂದು ಇನ್ನೊಬ್ಬರಿಗೆ ಏನು ಸೇವೆ ಮಾಡಲಿ?” ಧರ್ಮಕೇಂದ್ರದ ಸಂಘಗಳಿಗೆ ಜನರನ್ನು ಕರೆದಾಗಲೆಲ್ಲ ಈ ಮಾತು ಕೇಳುತ್ತೇನೆ. ಕೊಡುವವನು ತುಂಬಿದ ಕೊಡ, ಪಡೆಯುವವನು ಬರಿದಾದ ಕೊಡ ಎಂಬುದು ನಮ್ಮ ಎಣಿಕೆ. ಇದು ಸರಿಯೇ?

1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬವರು ವ್ಯವಹಾರದ ನಿಮಿತ್ತ ನ್ಯೂಯಾರ್ಕಿನಿಂದ ಆಕ್ರನ್ ನಗರಕ್ಕೆ ಬಂದಿದ್ದರು. ಕುಡಿತದಿಂದ ಬದುಕನ್ನು ಹಾಳುಮಾಡಿಕೊಂಡಿದ್ದ ಅವರು ಅದನ್ನು ಬಿಟ್ಟು ಐದು ತಿಂಗಳಷ್ಟೇ ಆಗಿತ್ತು. ಬಂದ ಕೆಲಸ ಕೆಟ್ಟಿತು. ಹೋಟೆಲಿನ ಬಾರು ಕೈಬೀಸಿ ಕರೆಯುತ್ತಿತ್ತು. ಆಗ ಅವರಿಗೆ ಹಿಂದಿನದು ನೆನಪಾಯಿತು. ನ್ಯೂಯಾರ್ಕಿನಲ್ಲಿ ಎಷ್ಟೋ ಕುಡುಕರಿಗೆ ಬುದ್ಧಿ ಹೇಳಲು ಹೋಗಿದ್ದರು. ಅವರಲ್ಲಿ ಒಬ್ಬರೂ ಕುಡಿತ ಬಿಡಲಿಲ್ಲ. ಆದರೆ ಹೇಳಲು ಹೋದ ಇವರು ಕುಡಿಯದೆ ಉಳಿದಿದ್ದರು!

ಅವರು ಬಾರಿಗೆ ಹೋಗಲಿಲ್ಲ. ಅಲ್ಲಿನ ಒಬ್ಬ ಪಾದ್ರಿಗಳಿಗೆ ಫೋನ್ ಮಾಡಿದರು. ಹೀಗೆ ಒಬ್ಬರಿಂದೊಬ್ಬರಿಗೆ ಮಾತು ಹೋಗಿ, ಕುಡಿತಕ್ಕೆ ಸಿಕ್ಕಿ ಸೋತಿದ್ದ ಡಾಕ್ಟರ್ ರಾಬರ್ಟ್ ಸ್ಮಿತ್ ಅವರ ಭೇಟಿಯಾಯಿತು. ಹದಿನೈದೇ ನಿಮಿಷ ಎಂದು ಬಂದಿದ್ದ ಡಾಕ್ಟರು ಆರು ಗಂಟೆ ಕುಳಿತರು. ಏಕೆಂದರೆ ಈ ಸಲ ಉಪದೇಶವಿರಲಿಲ್ಲ. ಬಿಲ್ ತಮ್ಮ ಸೋಲಿನ ಕಥೆ ಹೇಳಿದರು. ತಾವು ಉಳಿಯಲು ಈ ಮಾತುಕತೆ ತಮಗೇ ಬೇಕಾಗಿದೆ ಎಂದು ಒಪ್ಪಿಕೊಂಡರು. ಡಾಕ್ಟರು ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು ಎನ್ನಲಾಗುತ್ತದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಅದನ್ನೇ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. 1939ರಲ್ಲಿ, ಕುಡುಕರನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದಾಗ, ಆಕ್ರನ್ನಿನ ಸಂತ ತೋಮಸರ ಆಸ್ಪತ್ರೆಯಲ್ಲಿ ಅವರಿಗೆ ಹಾಸಿಗೆ ಕೊಟ್ಟವರು ಧರ್ಮಭಗಿನಿ ಇಗ್ನೇಷಿಯ.

ಈ ಸಂಘದಲ್ಲಿ ಶುಲ್ಕವಿಲ್ಲ. ಹೊರಗಿನವರ ದೇಣಿಗೆಯನ್ನು ಪಡೆಯುವುದಿಲ್ಲ. ಕುರ್ಚಿ ಹಾಕುವವರು, ಚಹಾ ಮಾಡುವವರು, ನಡುರಾತ್ರಿ ಫೋನ್ ಎತ್ತುವವರು ಎಲ್ಲರೂ ಅದೇ ನೋವನ್ನು ಉಂಡವರು. ಕುಡುಕರ ಮನೆಯವರಿಗಾಗಿ 1951ರಲ್ಲಿ ಆರಂಭವಾದ ಅಲ್-ಅನಾನ್ ಕೂಡ ಹೀಗೆಯೇ ನಡೆಯುತ್ತದೆ.

“ತನ್ನ ಲಾಭಕ್ಕಾಗಿ ಮಾಡಿದ್ದು ಸೇವೆಯಾದೀತೇ? ಅದು ಸ್ವಾರ್ಥವಲ್ಲವೇ?” ಎಂದು ನೀವು ಕೇಳಬಹುದು. ನೆರೆಯವನನ್ನು ನಮ್ಮಂತೆಯೇ ಪ್ರೀತಿಸಬೇಕೆಂಬುದು ಪ್ರಭುವಿನ ಆಜ್ಞೆ. ತನ್ನ ನಿಜವಾದ ಒಳಿತನ್ನು ಬಯಸುವುದು ದೈವಪ್ರೀತಿಗೆ ವಿರೋಧವಲ್ಲವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ನಮಗೂ ಒಳಿತಾದರೆ ಅದು ಸ್ವಾರ್ಥವಲ್ಲ. ಎದುರಿನ ಮನುಷ್ಯನನ್ನು ನಮ್ಮ ಪುಣ್ಯಕ್ಕೋ ಹೆಸರಿಗೋ ಸಲಕರಣೆ ಮಾಡಿಕೊಂಡರೆ ಅದು ಸ್ವಾರ್ಥ. ಬಿಲ್ ಹಾಗೆ ಮಾಡಲಿಲ್ಲ. ತನಗೂ ಕೊರತೆಯಿದೆ ಎಂದು ಹೇಳಿ, ಡಾಕ್ಟರನ್ನೂ ಕೊಡುವವರನ್ನಾಗಿ ಮಾಡಿದರು. ಯಾರಿಗೂ ಬೇಡವಾದೆನೆಂದು ಕುಗ್ಗಿದವನಿಗೆ “ನೀನು ನನಗೆ ಬೇಕು” ಎನ್ನುವುದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ?

ಈಗ ನಮ್ಮ ಸಂಘಗಳನ್ನು ನೋಡೋಣ. ಹಬ್ಬಕ್ಕೆ ಅಕ್ಕಿ ಹಂಚುತ್ತೇವೆ, ಶಾಲೆಯ ಫೀಸು ಕಟ್ಟುತ್ತೇವೆ. ಒಳ್ಳೆಯದೇ. ಆದರೆ ಪ್ರತಿ ವರ್ಷ ಕೊಡುವವರು ಅವರೇ, ಸಾಲಿನಲ್ಲಿ ನಿಲ್ಲುವವರು ಇವರೇ. ಕೊಡುವುದರಲ್ಲಿ ಧನ್ಯತೆಯಿದೆ ಎಂದು ನಂಬುವ ನಾವು ಆ ಧನ್ಯತೆಯನ್ನು ನಮಗೇ ಇಟ್ಟುಕೊಂಡಿಲ್ಲವೇ? ಅಕ್ಕಿ ಪಡೆಯುವ ತಾಯಿ ಹೆರಿಗೆಯಾದ ಮನೆಗೆ ಹೋಗಿ ನೆರವಾಗಬಲ್ಲಳು. ಅವಳನ್ನು ಯಾರಾದರೂ ಕೇಳಿದ್ದೇವೆಯೇ?

ಮನೆ ಸರಿಯಾದ ಮೇಲೆ ಸೇವೆಗೆ ಬರುತ್ತೇನೆ ಎನ್ನುವವರೇ, ಅಲ್ಲಿಯವರೆಗೆ ಕಾಯಬೇಡಿ. ನಿಮ್ಮ ಕಷ್ಟವನ್ನೂ ಜೊತೆಗೇ ತನ್ನಿ. ಅದೇ ಕಷ್ಟದಲ್ಲಿರುವ ಇನ್ನೊಬ್ಬರು ನಿಮಗಾಗಿಯೇ ಕಾದಿರಬಹುದು.