ಪಾನಕ್ಕೆಂದು ಬೆಳೆದ ಅಕ್ಕಿ

ಹಸಿವನ್ನು ನೀಗಬೇಕಾದ ನೆಲದಲ್ಲಿ ಮತ್ತೇರಿಸುವ ಪಾನಕ್ಕಾಗಿಯೇ ಧಾನ್ಯವನ್ನು ಬೆಳೆಯುವುದು ಧರ್ಮ್ಯವೇ? ನಮ್ಮ ಧರ್ಮಶಾಸ್ತ್ರಕಾರರು ಸುರೆಯನ್ನು ಅನ್ನದ ಕಲ್ಮಷವೆಂದೆಣಿಸಿ ಈ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸಿದರು. ಕುಡಿತದಿಂದಾಗುವ ಕೇಡನ್ನು ಯಾರೂ ಅಲ್ಲಗಳೆಯಲಾರರು. ಆದರೆ ಜಪಾನು ದೇಶದಲ್ಲಿ ಸಾಕೆ ಎಂಬ ಪಾನಕ್ಕಾಗಿ ಬೆಳೆಯುವ ಅಕ್ಕಿಯ ವೃತ್ತಾಂತವನ್ನು ನೋಡಿದರೆ, ಕುಡಿಯುವವನ ವಿಚಾರವು ಮುಗಿದ ಮೇಲೂ ಬೆಳೆಯುವವನ ವಿಚಾರವು ಉಳಿಯುತ್ತದೆ.

ಈ ಅಕ್ಕಿಯು ಊಟದ ಅಕ್ಕಿಯಲ್ಲ. ಕಾಳು ದಪ್ಪನಾದುದು, ಅದರ ನಡುವೆ ಹಾಲಿನಂಥ ಬಿಳುಪು. ಜಪಾನೀಯರು ಅದನ್ನು ಶಿನ್‌ಪಾಕು, ಎಂದರೆ ಬಿಳಿಯ ಹೃದಯ, ಎನ್ನುತ್ತಾರೆ. ಅಲ್ಲಿ ಪಿಷ್ಟವು ಸಡಿಲವಾಗಿರುವುದರಿಂದ ಕೋಜಿ ಎಂಬ ಬೂಷ್ಟಿನ ಎಳೆಗಳು ಸುಲಭವಾಗಿ ಒಳಹೊಕ್ಕು ಅದನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಪ್ರೋಟೀನೂ ಕೊಬ್ಬೂ ಹೆಚ್ಚಾಗಿ ಕಾಳಿನ ಹೊರಭಾಗದಲ್ಲಿವೆ. ಉಣ್ಣುವವನಿಗೆ ಪುಷ್ಟಿಕೊಡುವ ಇವೇ ಪಾನದಲ್ಲಿ ರುಚಿಯನ್ನು ಒರಟುಮಾಡುವ ದೋಷಗಳಾಗುತ್ತವೆ. ಆದಕಾರಣ ಹೊರಭಾಗವನ್ನು ಸವೆಸಿ ತೆಗೆಯುತ್ತಾರೆ. ದೈಗಿಂಜೋ ಎಂಬ ಉತ್ತಮ ದರ್ಜೆಗೆ ಅಕ್ಕಿಯ ತೂಕದಲ್ಲಿ ನೂರಕ್ಕೆ ೫೦ ಪಾಲಿಗಿಂತ ಹೆಚ್ಚು ಉಳಿಯಕೂಡದು. ನುಚ್ಚನ್ನೂ ಕಟ್ಟಿಡುವ ಗೃಹಿಣಿಯು ಇದನ್ನು ಕಂಡರೆ ಏನೆಂದಾಳೋ! ಆದರೂ ಸವೆದುದು ವ್ಯರ್ಥವಾಗುವುದಿಲ್ಲ. ಹೊರಗಿನ ತೌಡು ದನಗಳ ಮೇವಿಗೂ ಒಳಗಿನ ಬಿಳಿಯ ಹಿಟ್ಟು ಅಕ್ಕಿಯ ತಿಂಡಿಗಳಿಗೂ ಸಲ್ಲುತ್ತದೆ.

ಇಂಥ ತಳಿಗಳಲ್ಲಿ ಒಮಾಚಿಯೆಂಬುದು ಹಳೆಯದು. ಬಿಜೆನ್ ಸೀಮೆಯ ಕಿಶಿಮೊಟೊ ಜಿನ್‌ಜೊ ಎಂಬ ಒಕ್ಕಲಿಗನು ೧೮೫೯ರಲ್ಲಿ ದೈಸೆನ್ ಪರ್ವತದ ಯಾತ್ರೆಯಿಂದ ಹಿಂದಿರುಗುವಾಗ ದಾರಿಯ ಗದ್ದೆಯೊಂದರಲ್ಲಿ ಎರಡು ಎತ್ತರದ ತೆನೆಗಳನ್ನು ಕಂಡು, ತಂದು, ಬೆಳೆಸಿದನೆಂದು ಹೇಳುತ್ತಾರೆ. ಇಂದು ಹೆಸರಾಂತ ಯಮದಾ ನಿಶಿಕಿಯು ೧೯೨೩ರಲ್ಲಿ ಹ್ಯೋಗೊ ಪ್ರಾಂತದ ವ್ಯವಸಾಯ ಪ್ರಯೋಗಶಾಲೆಯಲ್ಲಿ ಸಂಕರದಿಂದ ಹುಟ್ಟಿ ೧೯೩೬ರಲ್ಲಿ ಹೆಸರು ಪಡೆಯಿತು. ಅದರ ಪೈರು ಎತ್ತರವಾದುದು. ತೆನೆ ತೂಗಿದಾಗ ಬಿರುಗಾಳಿ ಬೀಸಿದರೆ ನೆಲಕ್ಕೊರಗುತ್ತದೆ. ಗೊಬ್ಬರವನ್ನು ಧಾರಾಳವಾಗಿ ಕೊಟ್ಟರೆ ಇನ್ನೂ ಎತ್ತರಕ್ಕೆ ಬೆಳೆದು ಒರಗುವುದಲ್ಲದೆ, ಬೇಡವಾದ ಪ್ರೋಟೀನೂ ಹೆಚ್ಚುತ್ತದೆ. ತನ್ನ ಪೈರಿಗೆ ಉಣಿಸುವ ಕೈಯನ್ನು ತಾನೇ ಹಿಡಿದುಕೊಳ್ಳಬೇಕಾದ ರೈತನ ಕಷ್ಟವನ್ನು ರೈತನೇ ಬಲ್ಲನು. ಇಷ್ಟುಮಾಡಿ ಬೆಳೆದುದಕ್ಕೆ ಗಿರಾಕಿಯಾರು? ಸಾಕೆ ತಯಾರಿಸುವವನೊಬ್ಬನೇ. ಆದಕಾರಣವೇ ಹ್ಯೋಗೊದ ಕೆಲವು ಹಳ್ಳಿಗಳೂ ನಾದಾ ಪಟ್ಟಣದ ಸಾಕೆಯ ಮನೆತನಗಳೂ ಮೇಜಿ ಕಾಲದಿಂದಲೂ ಒಪ್ಪಂದ ಮಾಡಿಕೊಂಡು, ಇಂಥ ಹಳ್ಳಿಯ ಬೆಳೆಯು ಇಂಥ ಮನೆಗೇ ಎಂಬ ಕಟ್ಟನ್ನು ನಡಸಿಕೊಂಡು ಬಂದವು.

ಇನ್ನು ಅನ್ನದ ಹಕ್ಕಿನ ಮಾತು. ಟೊಕುಗಾವಾ ಅರಸರು ಕ್ಷಾಮದ ವರ್ಷಗಳಲ್ಲಿ ಸಾಕೆಯ ತಯಾರಿಕೆಯನ್ನು ತಗ್ಗಿಸಬೇಕೆಂದು ಆಜ್ಞೆಮಾಡುತ್ತಿದ್ದರು; ಅದು ನ್ಯಾಯವಾದ ಆಜ್ಞೆಯೇ ಸರಿ. ಆದರೆ ೧೯೭೦ರ ಸುಮಾರಿನಿಂದ ೨೦೧೭ರವರೆಗೆ ಅದೇ ದೇಶದ ಸರಕಾರವು, ಅಕ್ಕಿ ಹೆಚ್ಚಾಯಿತೆಂದು, ಭತ್ತದ ಬೆಳೆಯನ್ನು ಕಡಿಮೆಮಾಡುವ ರೈತರಿಗೆ ಹಣಕೊಡುತ್ತಿದ್ದಿತು. ಆ ದಿನಗಳಲ್ಲಿ ಸಾಕೆಯ ಅಕ್ಕಿ ಬೆಳೆದವನು ಯಾರ ತುತ್ತನ್ನು ಕಸಿದನು? ದೇಶಕಾಲಗಳನ್ನು ಬಿಟ್ಟು ಗದ್ದೆಯ ಮೇಲೆ ಪಾಪವನ್ನು ಹೊರಿಸಲಾಗದು.

೨೦೨೪ರಲ್ಲಿ ಊಟದ ಅಕ್ಕಿಯ ಬೆಲೆಯು ಏರತೊಡಗಿ, ೨೦೨೫ರಲ್ಲಿ ಸರಕಾರವು ತನ್ನ ಕಣಜದ ದಾಸ್ತಾನನ್ನೇ ಹೊರತೆಗೆಯಬೇಕಾಯಿತು. ಆಗ ಸಾಕೆಯ ಅಕ್ಕಿ ಬೆಳೆಯುತ್ತಿದ್ದವರಲ್ಲಿ ಅನೇಕರು ಊಟದ ಅಕ್ಕಿಯ ಕಡೆಗೆ ತಿರುಗಿದರು. ಸಾಕೆಯ ಮನೆಗಳವರು ಕಳವಳಪಟ್ಟರು. ೨೦೨೪ರ ಡಿಸೆಂಬರಿನಲ್ಲಷ್ಟೇ ಯುನೆಸ್ಕೊ ಸಂಸ್ಥೆಯು ಅವರ ಕಲೆಯನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿದ್ದಿತು! ತಿರುಗಿದ ರೈತನನ್ನು ಕೃತಘ್ನನೆನ್ನುವುದು ಅನ್ಯಾಯ. ಒರಗಿದ ಪೈರಿನ ನಷ್ಟವನ್ನೂ ಕಡಿಮೆ ಇಳುವರಿಯ ನಷ್ಟವನ್ನೂ ಅವನೊಬ್ಬನೇ ಹೊರುತ್ತಿದ್ದ ಪಕ್ಷದಲ್ಲಿ, ಬೆಲೆ ಬಂದ ವರ್ಷ ಮಾತ್ರ ಅವನಿಗೆ ನಿಷ್ಠೆಯನ್ನು ಬೋಧಿಸುವ ಅಧಿಕಾರವು ಕೊಳ್ಳುವವನಿಗೆಲ್ಲಿಯದು? ಆ ಹಳೆಯ ಕಟ್ಟು ಬದುಕಬೇಕಾದರೆ, ಬಿತ್ತನೆಗೆ ಮೊದಲೇ ಬೆಲೆಯನ್ನು ನಿಶ್ಚಯಿಸಿ, ಬಿರುಗಾಳಿಯ ನಷ್ಟದಲ್ಲಿಯೂ ಸಾಕೆಯ ಮನೆಯವನು ಪಾಲುಗೊಳ್ಳಬೇಕು. ರೈತನು ಬೀಜವನ್ನು ಆರಿಸುವುದು ವಸಂತಕ್ಕೆ ಮುಂಚೆ; ಪೇಟೆಯ ಧಾರಣೆ ಅವನಿಗೆ ತಿಳಿಯುವುದು ಕೊಯ್ಲಾದ ಮೇಲೆ.