ನಾವು ಕುಡಿಯುವ ನೀರಿನ ಬೆಲೆ ಯಾರು ಕೊಡಬೇಕು?



ಈ ವಾರದ ಬರಹ ನನ್ನ ಪಾಲಿಗೆ ಬಂದಿದೆ. ನಾನು ಓದಿದ್ದು ಡಿಪ್ಲೊಮಾ, ಮಾಡುವುದು ಐಟಿ ಸಪೋರ್ಟ್ ಕೆಲಸ. ಶಾಸ್ತ್ರ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ 2024ರ ಬೇಸಿಗೆಯಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ತಪ್ಪಿದ್ದರೆ ತಿದ್ದಿ.

ನಾವಿರುವುದು ಮುಂಬೈನ ಭಾಂಡುಪ್‌ನಲ್ಲಿ. ಆ ವರ್ಷ ಕೆರೆಗಳ ನೀರು ತಳ ಕಂಡಿತ್ತು. ಮೇ ಕೊನೆಗೆ ಶೇ 5, ಜೂನ್‌ನಲ್ಲಿ ಶೇ 10 ನೀರು ಕಡಿತ ಎಂದು ಪಾಲಿಕೆ ಹೇಳಿತು. ನಮ್ಮ ಕಟ್ಟಡದಲ್ಲಿ ಅದಕ್ಕೂ ಮೊದಲೇ ನೀರು ಸಾಲುತ್ತಿರಲಿಲ್ಲ. ಸೊಸೈಟಿಯ ಮೀಟಿಂಗ್‌ನಲ್ಲಿ ಒಂದು ಮನವಿ ಕೊಡುವುದೆಂದು ತೀರ್ಮಾನವಾಯಿತು: "ಗಾರ್ಗಾಯಿ ಅಣೆಕಟ್ಟನ್ನು ಬೇಗ ಕಟ್ಟಿ, ನಮಗೆ ನೀರು ಕೊಡಿ." ಕಂಪ್ಯೂಟರ್ ಹುಡುಗ ಅಂತ ಟೈಪ್ ಮಾಡುವ ಕೆಲಸ ನನಗೆ ಬಂತು. ಗಾರ್ಗಾಯಿ ಎಂದರೇನು ಎಂದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಟೈಪ್ ಮಾಡಬಾರದು ಅಂತ ಓದತೊಡಗಿದೆ.

ಮುಂಬೈಗೆ ನೀರು ಕೊಡುವುದು ಏಳು ಕೆರೆಗಳು. ಅದರಲ್ಲಿ ವಿಹಾರ್ ಮತ್ತು ತುಳಸಿ ನಮ್ಮ ಪಕ್ಕದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೇ ಇವೆ. ವಿಹಾರ್ ಮುಗಿದದ್ದು 1860ರಲ್ಲಿ. ಊರು ಬೆಳೆದಂತೆ ಬಾಯಾರಿಕೆ ದೂರ ದೂರ ಹೋಯಿತು. 1892ರಲ್ಲಿ ತಾನ್ಸಾ, ಆಮೇಲೆ ಮೋಡಕ್ ಸಾಗರ, ಮೇಲ್ ವೈತರಣಾ, ಭಾತ್ಸಾ, ಕೊನೆಗೆ ಮಧ್ಯ ವೈತರಣಾ. ಇವತ್ತು ಈ ಊರಿಗೆ ದಿನಕ್ಕೆ ಸುಮಾರು 390 ಕೋಟಿ ಲೀಟರ್ ನೀರು ಬರುತ್ತದೆ. ಅದೂ ಸಾಲದು ಎಂದು ಎಂಟನೆಯದಾಗಿ ಯೋಜಿಸಿದ್ದೇ ಗಾರ್ಗಾಯಿ. ಪಾಲ್ಘರ್ ಜಿಲ್ಲೆಯ ವಾಡಾ ತಾಲೂಕಿನಲ್ಲಿ, ವೈತರಣೆಯನ್ನು ಸೇರುವ ಗಾರ್ಗಾಯಿ ನದಿಗೆ ಅಣೆಕಟ್ಟು. ಅಲ್ಲಿಂದ ಸುರಂಗದಲ್ಲಿ ಮೋಡಕ್ ಸಾಗರಕ್ಕೆ ನೀರು. ದಿನಕ್ಕೆ 44 ಕೋಟಿ ಲೀಟರ್ ಸಿಗುವ ಲೆಕ್ಕ.

ಆದರೆ ಮುಳುಗುವ ಜಾಗದ ದೊಡ್ಡ ಪಾಲು ತಾನ್ಸಾ ವನ್ಯಜೀವಿ ಧಾಮದ ಕಾಡು. ಹೋಗುವ ಮರಗಳು ಎರಡು ಲಕ್ಷಕ್ಕೂ ಹೆಚ್ಚು. ಆದಿವಾಸಿಗಳ ಹಳ್ಳಿಗಳೂ ಏಳಬೇಕು. 2020ರಲ್ಲಿ ಸರ್ಕಾರ ಈ ಯೋಜನೆಯನ್ನು ಬದಿಗಿಟ್ಟು, ಅದರ ಬದಲು ಮನೋರಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟೋಣ ಎಂದಿತು. ಆಮೇಲೆ ಗಾರ್ಗಾಯಿ ಮತ್ತೆ ಜೀವ ಪಡೆಯಿತು.

ಆ ಕಾಡಿನಲ್ಲಿ ಒಂದು ಪುಟ್ಟ ಗೂಬೆ ಇದೆ. ಇಂಗ್ಲಿಷಿನಲ್ಲಿ ಫಾರೆಸ್ಟ್ ಔಲೆಟ್, ಮರಾಠಿಯಲ್ಲಿ ರಾನ್‌ಪಿಂಗಳಾ. ಒಂದು ಗೇಣಿನಷ್ಟು ಎತ್ತರ. ಬೇರೆ ಗೂಬೆಗಳ ಹಾಗಲ್ಲ, ಹಗಲಿನಲ್ಲೂ ಬೇಟೆಯಾಡುತ್ತದೆ. ಭಾರತ ಬಿಟ್ಟು ಬೇರೆಲ್ಲೂ ಇಲ್ಲ. 1873ರಲ್ಲಿ ಹ್ಯೂಮ್ ಎಂಬ ಪಕ್ಷಿತಜ್ಞ ಮೊದಲು ಇದನ್ನು ದಾಖಲಿಸಿದರು. 1884ರ ನಂತರ ಕಾಣಲೇ ಇಲ್ಲ. ನೂರು ವರ್ಷದ ಮೇಲಾಯಿತು, ಅಳಿದೇ ಹೋಯಿತು ಎಂದುಕೊಂಡರು.

ಇದರ ನಡುವೆ ಒಂದು ಮೋಸದ ಕಥೆ ಇದೆ. ರಿಚರ್ಡ್ ಮೈನರ್ಟ್ಜಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ತಾನು 1914ರಲ್ಲಿ ಗುಜರಾತಿನಲ್ಲಿ ಈ ಗೂಬೆಯನ್ನು ಹಿಡಿದೆ ಎಂದು ಹೇಳಿಕೊಂಡಿದ್ದ. ಆ ಮಾದರಿ ಮ್ಯೂಸಿಯಂನಿಂದ ಕದ್ದದ್ದು, ಮೇಲಿನ ಚೀಟಿ ಸುಳ್ಳು ಎಂಬುದನ್ನು ಪಮೇಲಾ ರಾಸ್ಮುಸ್ಸೆನ್ ಎಂಬ ಪಕ್ಷಿವಿಜ್ಞಾನಿ ಪತ್ತೆ ಮಾಡಿದರು. ಸುಳ್ಳು ದಾಖಲೆಯನ್ನು ಪಕ್ಕಕ್ಕಿಟ್ಟು ನಿಜವಾದ ಹಳೆಯ ಜಾಗಗಳನ್ನು ಹುಡುಕಿದಾಗ, 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಅವರ ತಂಡಕ್ಕೆ ಗೂಬೆ ಸಿಕ್ಕಿತು. 2014ರಲ್ಲಿ ತಾನ್ಸಾದಲ್ಲೂ ಕಂಡಿತು. ಅಂದರೆ ನಮ್ಮ ನಲ್ಲಿಯ ನೀರು ಹೊರಡುವ ಕಾಡಿನಲ್ಲೇ ಅದು ಬದುಕುತ್ತಿತ್ತು. ಯಾರ ಪಟ್ಟಿಯಲ್ಲೂ ಇರಲಿಲ್ಲ, ಅಷ್ಟೇ. ನನ್ನ ಕೆಲಸದಲ್ಲಿ ಇದು ದಿನದ ಅನುಭವ. ಟಿಕೆಟ್ ಬಂದಿಲ್ಲ ಎಂದರೆ ತೊಂದರೆ ಇಲ್ಲ ಎಂದರ್ಥವಲ್ಲ. ಲಾಗಿನ್ ಇದ್ದವರು ಮಾತ್ರ ಟಿಕೆಟ್ ಹಾಕಬಲ್ಲರು.

ಇಷ್ಟೆಲ್ಲ ಓದಿ ಅವ್ವನ ಮುಂದೆ ಹೇಳಿದೆ. ನಮ್ಮವರು ವಿಜಯಪುರ ಕಡೆಯವರು. ಅವ್ವ ಮದುವೆಯಾಗಿ ಇಲ್ಲಿಗೆ ಬಂದಾಗ ಚಾಳಿನಲ್ಲಿ ಇಪ್ಪತ್ತು ಮನೆಗೆ ಒಂದೇ ನಲ್ಲಿ. ಬೆಳಗಿನ ನಾಲ್ಕಕ್ಕೆ ಕೊಡ ಇಟ್ಟು ಪಾಳಿ ಹಿಡಿಯಬೇಕಿತ್ತು. ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಹಿಡಿದಿದ್ದಾಳೆ.

"ಗೂಬಿಗೆ ಮರ ಬೇಕು ಖರೆ. ನೀರಿಲ್ಲದ ಮನಿಯಾಗ ಹೆಂಗಸು ಏನ್ ಮಾಡ್ಬೇಕು, ಅದನ್ನೂ ಬರದಾರೇನು ನಿಮ್ಮ ಪುಸ್ತಕದಾಗ?" ಎಂದಳು.

ನಾನು ಸುಮ್ಮನಾದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಮತ್ತೆ ಮಾತು ತೆಗೆದಳು. ಅವಳ ತವರೂರು ಆಲಮಟ್ಟಿ ಹಿನ್ನೀರಿನಲ್ಲಿ ಹೋದ ಊರುಗಳಲ್ಲೊಂದು. "ನಮ್ಮ ತವರಮನಿ ನೀರಾಗ ಹೋತು. ಹನುಮಪ್ಪನ ಗುಡಿ ಮುಳುಗೂದ ನೋಡಿ ನಿಮ್ಮಜ್ಜ ಮೂರು ದಿನ ಉಂಡಿರಲಿಲ್ಲ. ಆದ್ರ ಅದೇ ನೀರಿನಿಂದ ಎಷ್ಟೋ ಮಂದಿ ಹೊಲ ಹಸರಾಗ್ಯಾವ. ನಾ ಯಾರಿಗೆ ಬೈಲಿ, ತಮ್ಮಾ?"

ಸ್ವಾಮಿಗಳೇ, ಈ ಪ್ರಶ್ನೆಯ ನಿಜವಾದ ತೂಕ ಇಲ್ಲಿದೆ. ಒಂದು ಕಡೆ ಕೆಟ್ಟವರು, ಇನ್ನೊಂದು ಕಡೆ ಒಳ್ಳೆಯವರು ಇದ್ದಿದ್ದರೆ ತೀರ್ಮಾನ ಸುಲಭವಿತ್ತು. ನೀರು ಕೊಡುವ ಎಂಜಿನಿಯರ್ ಕೆಟ್ಟವನಲ್ಲ. ಕೋಟಿಗಟ್ಟಲೆ ಜನರಿಗೆ ಒಂದು ದಿನವೂ ತಪ್ಪದೆ ನೀರು ಮುಟ್ಟಿಸುವುದು ದೊಡ್ಡ ಸೇವೆ. ಗೂಬೆಯ ಪರ ನಿಂತವರೂ ಜನವಿರೋಧಿಗಳಲ್ಲ.

"ಮೊದಲು ಮನುಷ್ಯ, ಆಮೇಲೆ ಪ್ರಾಣಿ" ಎಂಬ ಮಾತನ್ನು ಮೀಟಿಂಗ್‌ನಲ್ಲೂ ಕೇಳಿದ್ದೆ. ಆದರೆ ಯಾವ ಮನುಷ್ಯ? ತಾನ್ಸಾ, ಭಾತ್ಸಾ ಇರುವ ಶಹಾಪುರ ತಾಲೂಕಿನ ಎಷ್ಟೋ ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಅವರ ಹೊಲದ ಪಕ್ಕದಲ್ಲೇ ನಮ್ಮ ಪೈಪ್ ಹಾದು ಬರುತ್ತದೆ. ಮುಂಬೈಯಲ್ಲೂ ಅಷ್ಟೇ. ಅನಧಿಕೃತ ಜೋಪಡಿಯಲ್ಲಿದ್ದಾರೆ ಎಂಬ ಕಾರಣಕ್ಕೆ ಯಾರಿಗೂ ನೀರು ನಿರಾಕರಿಸುವಂತಿಲ್ಲ ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಆದ್ದರಿಂದ ಗೂಬೆಯ ಕಾಡು ಮುಳುಗಿಸಿದ ಮಾತ್ರಕ್ಕೆ ಬಾಯಾರಿದವನಿಗೆ ನೀರು ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಹೆಸರು ಬಡವನದು, ನೀರು ಕಾರು ತೊಳೆಯುವವನದು ಆಗಬಹುದು.

ಇನ್ನು ನಮ್ಮ ಕಟ್ಟಡದ ಕಥೆ. ನನಗೆ ರಾತ್ರಿ ಪಾಳಿ. ಬೆಳಗ್ಗೆ ಆರರ ಹೊತ್ತಿಗೆ ಮನೆಗೆ ಬರುತ್ತೇನೆ, ಅದು ನೀರು ಬಿಡುವ ಹೊತ್ತು. ಒಂದು ದಿನ ಗೇಟಿನ ಪಕ್ಕದ ಗಟಾರದಲ್ಲಿ ತಿಳಿನೀರು ಹರಿಯುತ್ತಿತ್ತು. ಮಾರನೇ ದಿನವೂ ಅದೇ. ಎಂಟು ಗಂಟೆಗೆ ನೋಡಿದರೆ ಗಟಾರ ಒಣಗಿತ್ತು. ಅನುಮಾನ ಬಂತು. ನೀರು ಬರುವ ಮುಂಚೆ, ನಿಂತ ಮೇಲೆ ಮೀಟರ್ ರೀಡಿಂಗ್ ಬರೆದುಕೊಂಡೆ. ಆ ಹೊತ್ತಿನಲ್ಲಿ ಪಂಪ್ ಹಾಕಬೇಡಿ ಎಂದು ವಾಚ್‌ಮನ್‌ಗೆ ಹೇಳಿ, ಕೆಳಗಿನ ಟಾಕಿಯಲ್ಲಿ ಕೋಲು ಇಳಿಸಿ ಎಷ್ಟು ನೀರು ಏರಿತು ಎಂದು ಅಳೆದೆ. ಎರಡು ಲೆಕ್ಕ ಕೂಡಲೇ ಇಲ್ಲ. ಮೀಟರ್ ಹೇಳಿದ ನೀರಿನಲ್ಲಿ ಮೂರನೇ ಒಂದು ಪಾಲು ಟಾಕಿಗೆ ಬರುತ್ತಲೇ ಇರಲಿಲ್ಲ. ಪ್ಲಂಬರ್ ಪಾರ್ಕಿಂಗಿನ ಕಲ್ಲು ಕಿತ್ತು ನೋಡಿದ. ಮೀಟರಿನಿಂದ ಟಾಕಿಗೆ ಬರುವ ಹಳೆಯ ಪೈಪು ತುಕ್ಕು ಹಿಡಿದು ತೂತಾಗಿತ್ತು.

ನಾವು ಅಣೆಕಟ್ಟು ಕೇಳಲು ಹೊರಟಿದ್ದೆವು. ನಮಗೆ ಬೇಕಿದ್ದದ್ದು ಪೈಪು.

ಒಂದು ಕಟ್ಟಡದ ಕಥೆಯನ್ನು ಇಡೀ ಊರಿಗೆ ಅಂಟಿಸಬಾರದು, ನಿಜ. ಆದರೆ ಮುಂಬೈಗೆ ಬರುವ ನೀರಿನಲ್ಲಿ ಸೋರಿಕೆ, ಕಳ್ಳ ಸಂಪರ್ಕ ಎಲ್ಲ ಸೇರಿ ಲೆಕ್ಕಕ್ಕೆ ಸಿಗದೆ ಹೋಗುವುದು ಕಾಲು ಭಾಗದಷ್ಟು ಎಂದು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. 390 ಕೋಟಿಯಲ್ಲಿ ಕಾಲು ಭಾಗ ಎಂದರೆ ಎರಡು ಗಾರ್ಗಾಯಿಗಿಂತ ಹೆಚ್ಚು. ಇದರಲ್ಲೂ ಒಂದು ಸೂಕ್ಷ್ಮ ಇದೆ. "ಕಳ್ಳ ಸಂಪರ್ಕ"ದ ನೀರನ್ನೂ ಯಾರೋ ಕುಡಿಯುತ್ತಿದ್ದಾರೆ, ಬಹಳಷ್ಟು ಸಲ ಬಡವರೇ. ಅದನ್ನು ಕತ್ತರಿಸಿದರೆ ನೀರು ಉಳಿಯುವುದಿಲ್ಲ, ಅವರ ಗಂಟಲು ಒಣಗುತ್ತದೆ. ಆದ್ದರಿಂದ ಸೋರಿಕೆ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಸಮುದ್ರದ ನೀರಿಗೂ ಬೆಲೆಯಿದೆ. ವಿದ್ಯುತ್ ಬೇಕು, ಉಳಿದ ಗಟ್ಟಿ ಉಪ್ಪುನೀರು ಮತ್ತೆ ಸಮುದ್ರಕ್ಕೇ ಹೋಗಬೇಕು, ಅಲ್ಲೂ ಜೀವಿಗಳಿವೆ. ಯಾವ ದಾರಿಯಲ್ಲೂ ಕೈಗೆ ಪಾಪ ಅಂಟದೇ ಇರುವುದಿಲ್ಲ.

ಹಾಗಾದರೆ ಹೇಗೆ ಆರಿಸುವುದು? ನಮ್ಮ ಕೆಲಸದಲ್ಲಿ ಹಿರಿಯರೊಬ್ಬರು ಮೊದಲ ದಿನವೇ ಕಲಿಸಿದ ನಿಯಮ ಇದೆ. ಹಿಂದೆ ತರಬಹುದಾದ ಉಪಾಯಗಳನ್ನೆಲ್ಲ ಮೊದಲು ಮಾಡು. ಬ್ಯಾಕಪ್ ಇಲ್ಲದ್ದನ್ನು ಅಳಿಸುವುದು ಕಟ್ಟಕಡೆಯ ಹೆಜ್ಜೆ. ಪೈಪ್ ಬದಲಿಸಿದ್ದು ತಪ್ಪಾದರೆ ಮತ್ತೆ ಬದಲಿಸಬಹುದು. ಸಮುದ್ರದ ಘಟಕ ದುಬಾರಿಯಾದರೆ ಮುಚ್ಚಬಹುದು. ರಾನ್‌ಪಿಂಗಳಾ ಗೂಡು ಮಾಡುವುದು ಹಳೆಯ ಮರದ ಪೊಟರೆಯಲ್ಲಿ. ಒಂದು ಮರಕ್ಕೆ ಬದಲು ಹತ್ತು ಸಸಿ ನೆಟ್ಟರೂ ಸಸಿಯಲ್ಲಿ ಪೊಟರೆ ಇರುವುದಿಲ್ಲ. ಅದು ಆಗಲು ಹತ್ತಾರು ವರ್ಷ ಬೇಕು. ಅಷ್ಟು ವರ್ಷ ಗೂಬೆ ಎಲ್ಲಿ ಕಾಯಬೇಕು?

ನಮ್ಮ ಕಾನೂನು ಈ ವಿಷಯದಲ್ಲಿ ನನ್ನನ್ನು ಬೆರಗುಗೊಳಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ ಆವಾಸ ಕೆಡಿಸಲು, ಅಲ್ಲಿನ ನೀರಿನ ಹರಿವು ತಿರುಗಿಸಲು ಅಥವಾ ತಡೆಯಲು ಅನುಮತಿ ಬೇಕು. ಆ ಬದಲಾವಣೆ ಅಲ್ಲಿನ ವನ್ಯಜೀವಿಗಳ ಒಳಿತಿಗೇ ಅಗತ್ಯ ಎಂದು ಮನವರಿಕೆಯಾಗದೆ ಅನುಮತಿ ಕೊಡುವಂತಿಲ್ಲ. ಕಾನೂನು ಕೇಳುವುದು "ಇದರಿಂದ ಆ ಜೀವಿಗೆ ಒಳ್ಳೆಯದಾ?" ಎಂದು. ನಾವು ಕೇಳುವುದು "ಎಷ್ಟು ಪರಿಹಾರ ಕೊಡಬೇಕು?" ಎಂದು. ಎರಡೂ ಬೇರೆ ಬೇರೆ ಪ್ರಶ್ನೆಗಳು.

ಇಲ್ಲಿ ನಮ್ಮಲ್ಲಿ ಅನೇಕರು ಕೇಳಬಹುದಾದ ಮಾತೊಂದಿದೆ. ಶಬರಿಮಲೆ ಇರುವುದೇ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ. ಅಲ್ಲಿನ ದೊಡ್ಡ ಕೆರೆ 1895ರ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ ಆದದ್ದು. ತಮಿಳುನಾಡಿನ ಒಣ ಜಿಲ್ಲೆಗಳಿಗೆ ನೀರು ಕೊಟ್ಟದ್ದೂ ಅದೇ. ಆ ಕೆರೆಯ ಸುತ್ತ ಕಾದಿಟ್ಟ ಕಾಡೇ ಮುಂದೆ ಅಭಯಾರಣ್ಯವಾಗಿ ಬೆಳೆಯಿತು. ತಾನ್ಸಾ ಕಾಡು, ನಮ್ಮ ಭಾಂಡುಪ್ ಪಕ್ಕದ ಕಾಡು ಉಳಿದದ್ದರಲ್ಲೂ ಕುಡಿಯುವ ನೀರಿನ ಕಾವಲಿನ ಪಾಲು ದೊಡ್ಡದು. ಹಾಗಾದರೆ ಅಣೆಕಟ್ಟೇ ಕಾಡು ಉಳಿಸಿತಲ್ಲ?

ಹೌದು, ಇದು ಅರ್ಧ ಸತ್ಯ. ನೀರಿನವರು ಕಾಡಿನ ಶತ್ರುಗಳೇ ಆಗಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ತೇಕ್ಕಡಿಯಲ್ಲಿ ದೋಣಿ ಹತ್ತಿದ ಸ್ವಾಮಿಗಳು ನೋಡಿರುತ್ತೀರಿ, ಅಂದು ಮುಳುಗಿದ ಮರಗಳ ಬೋಳು ಕಾಂಡಗಳು ಇಂದಿಗೂ ನೀರಿನಿಂದ ತಲೆ ಎತ್ತಿ ನಿಂತಿವೆ. ಅಂದು ಮುಳುಗಿದ ಕಾಡಿನ ಪ್ರಾಣಿಗೆ ಸರಿಯಲು ಸುತ್ತ ಕಾಡಿತ್ತು. ಇಂದು ರಾನ್‌ಪಿಂಗಳಾಗೆ ಉಳಿದಿರುವುದು ತುಂಡು ತುಂಡು ಕಾಡು. 1895ರ ಲೆಕ್ಕ ಇಂದಿಗೆ ನಡೆಯುವುದಿಲ್ಲ.

ಕೊನೆಗೆ ಮನವಿಯನ್ನು ಹೀಗೆ ಬರೆದೆ: ಮೊದಲು ನಮ್ಮ ವಾರ್ಡಿನ ಪೈಪುಗಳ ಸೋರಿಕೆ ಪರೀಕ್ಷಿಸಿ. ಸಂಸ್ಕರಿಸಿದ ನೀರನ್ನು ತೋಟಕ್ಕೆ, ಕಟ್ಟಡ ಕೆಲಸಕ್ಕೆ ಕೊಡಿ. ಕೆರೆ ಪಕ್ಕದ ಹಳ್ಳಿಗಳಿಗೆ ಮೊದಲು ನೀರು ಕೊಡಿ. ಇಷ್ಟಾದ ಮೇಲೆ ಹೊಸ ಅಣೆಕಟ್ಟಿನ ಮಾತು. ಸೊಸೈಟಿಯ ಹಿರಿಯರು ಹಳ್ಳಿಗಳ ಸಾಲು ತೆಗೆಸಿದರು. "ನಮ್ಮ ಮನವಿಯಲ್ಲಿ ಅವರ ಮಾತು ಯಾಕೆ?" ಎಂದರು. ಆದರೆ "ಬೇಗ ಕಟ್ಟಿ" ಎಂಬುದನ್ನೂ ಬಿಟ್ಟರು. ನನಗೆ ಅರ್ಧ ಸಮಾಧಾನ.

ಎಲ್ಲ ಮಾಡಿದ ಮೇಲೂ ನೀರು ಸಾಲದಿದ್ದರೆ? ಯಾವುದೋ ತಾಯಿ ಇನ್ನೂ ನಾಲ್ಕು ಗಂಟೆಗೆ ಪಾಳಿಯಲ್ಲಿ ನಿಂತಿದ್ದರೆ? ಆಗ ಅಣೆಕಟ್ಟು ಬೇಡ ಎನ್ನುವ ಧೈರ್ಯ ನನಗಿಲ್ಲ, ಅವ್ವನ ಮುಖ ನೋಡಿ ಹೇಳಲಾರೆ. ಆದರೆ ಆಗಲೂ ಅದನ್ನು ಪರಿಹಾರ ಎನ್ನಬಾರದು. ಪರಿಹಾರ ಕೊಟ್ಟವನು ಲೆಕ್ಕ ಮುಗಿಯಿತು ಎಂದು ಎದ್ದು ಹೋಗುತ್ತಾನೆ. ಪ್ರಾಯಶ್ಚಿತ್ತ ಮಾಡಿಕೊಳ್ಳುವವನು ಮತ್ತೆ ಆ ತಪ್ಪು ಆಗದಂತೆ ತನ್ನ ನಡೆ ತಿದ್ದಿಕೊಳ್ಳುತ್ತಾನೆ. ಏಳು ಕೆರೆ ಕುಡಿದ ನಾವು ಇಲ್ಲಿಯವರೆಗೆ ಪರಿಹಾರವನ್ನಷ್ಟೇ ಕೊಟ್ಟಿದ್ದೇವೆ.

ವ್ರತದ ದಿನಗಳಲ್ಲಿ ಬೆಳಗ್ಗೆ ಸಂಜೆ ತಣ್ಣೀರು ಸ್ನಾನ ಮಾಡುತ್ತೇವೆ. ಆ ನೀರು ಎಲ್ಲಿಂದ ಬಂತು ಎಂದು ಈಗ ನನಗೆ ಗೊತ್ತು. ಎರಡು ಬಕೆಟ್ ಇದ್ದದ್ದು ಒಂದಕ್ಕೆ ಇಳಿದಿದೆ. ಇದರಿಂದ ಕಾಡು ಉಳಿಯುತ್ತದೆ ಎಂಬ ಭ್ರಮೆ ನನಗಿಲ್ಲ. ಮನವಿಗೆ ಸಹಿ ಹಾಕುವ ಮುನ್ನ ನನ್ನ ಪಾಲಿನ ಪೈಪು ನೋಡಿಕೊಂಡಿರಬೇಕು ಅಂತ ಅಷ್ಟೇ. ನಿಮ್ಮ ಕಟ್ಟಡದಲ್ಲೂ ಒಂದು ದಿನ ಮೀಟರ್ ರೀಡಿಂಗನ್ನೂ ಟಾಕಿಯ ಅಳತೆಯನ್ನೂ ಪಕ್ಕಪಕ್ಕ ಬರೆದು ನೋಡಿ. ಏನು ಸಿಕ್ಕಿತು ಎಂದು ಗುಂಪಿನಲ್ಲಿ ತಿಳಿಸಿ.

ಸ್ವಾಮಿ ಶರಣಂ.